ಬೇಲಿಯಾಚೆಯ ಅಧ್ಯಕ್ಷರು

ಕುದುರೆಯ ಹಿಂದೆ ಹೋಗಬಾರದು, ಅಧಿಕಾರಿಯ ಮುಂದೆ ಹೋಗಬಾರದು ಎಂದು ಹಿರಿಯರು ಹೇಳಿಟ್ಟಿದ್ದಾರೆ. ಎರಡೂ ಒಂದೇ ಬೇಲಿಯ ಆಚೆ ಈಚೆ ಬಂದು ನೆಲೆಸಿದರೆ ಪಾಪದ ಮನುಷ್ಯ ಎಲ್ಲಿ ಹೋಗಬೇಕು ಎಂಬುದನ್ನು ಮಾತ್ರ ಹೇಳಿಲ್ಲ. ಮೈಸೂರಿನ ಹೊರವಲಯದಲ್ಲಿರುವ ನಮ್ಮ ಚಿಕ್ಕಪ್ಪನ ಪಾಡು ಇದೇ. ಬೇಲಿಯ ಈಚೆ ಅವರ ಮೂರು ಕುದುರೆ. ಆಚೆ ಅಧ್ಯಕ್ಷರು.

ಅಧ್ಯಕ್ಷರ ಹೆಸರು ಬೇಡ. ಬಡಾವಣೆಗೊಬ್ಬರಂತೆ ಅವರು ಇದ್ದೇ ಇರುತ್ತಾರೆ, ನಿಮ್ಮ ಬೀದಿಯಲ್ಲೂ ಇದ್ದಾರು. ಯಾವುದೋ ಇಲಾಖೆಯಲ್ಲಿ ಜೀವಮಾನವೆಲ್ಲ ಕಡತ ತಿರುವಿ ನಿವೃತ್ತರಾದವರು. ಬೀಳ್ಕೊಡುಗೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಸಿಕ್ಕಿತು. ಸಹಿ ಹಾಕಲು ಕಾಗದ ಮಾತ್ರ ಸಿಗದಾಯಿತು. ಆ ಕೊರತೆ ನೀಗಿಸಲೆಂದೇ ಈ ನಾಡಿನಲ್ಲಿ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಗಳು ಹುಟ್ಟಿಕೊಂಡಿವೆ ಎಂದು ನನ್ನ ನಂಬಿಕೆ. ಲೆಟರ್‌ಹೆಡ್ ಇದೆ, ಗುಂಡಗಿನ ಸೀಲ್ ಇದೆ, ವಾಟ್ಸಾಪ್ ಗುಂಪಿದೆ. ಬೆಳಿಗ್ಗೆ ಐದಕ್ಕೆ ಎದ್ದು ನೀರಿನ ಮೋಟರು ಹಾಕುವವರೂ ಅವರೇ, ಐದೂಕಾಲಿಗೆ ‘ನೀರು ಬಿಡಲಾಗಿದೆ, ಪೋಲು ಮಾಡಿದರೆ ಕ್ರಮ ಜರುಗಿಸಲಾಗುವುದು’ ಎಂದು ಗುಂಪಿಗೆ ಹಾಕುವವರೂ ಅವರೇ.

ಇಂಥವರಿಗೆ ಕುದುರೆ ಕಂಡರೆ ಆಗದು ಎಂದುಕೊಂಡರೆ ತಪ್ಪು. ಕುದುರೆಯೆಂದರೆ ಅವರಿಗೆ ಪ್ರಾಣ. ಬಡಾವಣೆಯ ಹೆಬ್ಬಾಗಿಲಿನ ಕಮಾನಿನ ಮೇಲೆ ಮುಂಗಾಲೆತ್ತಿ ನಿಂತ ಎರಡು ಸಿಮೆಂಟಿನ ಕುದುರೆಗಳಿವೆ, ಅವಕ್ಕೆ ವರ್ಷಕ್ಕೊಮ್ಮೆ ಸಂಘದ ಖರ್ಚಿನಲ್ಲಿ ಬಿಳಿ ಬಣ್ಣ. ಅಧ್ಯಕ್ಷರ ಹಜಾರದಲ್ಲಿ ವಾಸ್ತುವಿನವರು ಹೇಳಿದ ಗೋಡೆಗೆ ಏಳು ಕುದುರೆಗಳು ಓಡುವ ಚಿತ್ರ. ಮುಖಗಳೆಲ್ಲ ಮನೆಯೊಳಗಡೆಗೇ, ಅಂದರೆ ಬಂದ ಐಶ್ವರ್ಯ ಆಚೆ ಹೋಗದ ಹಾಗೆ. ದಸರೆಯಲ್ಲಿ ಪಟ್ಟದ ಆನೆ, ಪಟ್ಟದ ಕುದುರೆಯ ಪೂಜೆ ಟಿವಿಯಲ್ಲಿ ಬಂದರೆ ಕೂತಲ್ಲಿಂದ ಎದ್ದು ಕೈಮುಗಿಯುತ್ತಾರೆ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಫೌವಾದ್ ಮಿರ್ಜಾ ಕುದುರೆ ಸವಾರಿಯಲ್ಲಿ ಬೆಳ್ಳಿ ಗೆದ್ದಾಗ ಗುಂಪಿನಲ್ಲಿ ಮೊದಲ ಚಪ್ಪಾಳೆ ಅವರದೇ. ಅವರ ತಕರಾರಿರುವುದು ಒಂದೇ ಜಾತಿಯ ಕುದುರೆಯ ಮೇಲೆ: ಲದ್ದಿ ಹಾಕುವ ಕುದುರೆ.

ಚಿಕ್ಕಪ್ಪನವು ಆ ಜಾತಿಯವು. ಹೊಟ್ಟೆ ತುಂಬ ತಿಂದ ಒಂದು ಕುದುರೆ ದಿನಕ್ಕೆ 15–20 ಕಿಲೋ ಲದ್ದಿ ಹಾಕುತ್ತದೆ. ಅವರ ಅಪ್ಪನ ಕಾಲದಲ್ಲಿ ಟಾಂಗಾ ಇತ್ತು. ಆಟೊಗಳು ಬಂದು ಸವಾರಿ ಕಮ್ಮಿಯಾದ ಮೇಲೆ ಟಾಂಗಾ ದಸರಾ ಪ್ರವಾಸಿಗರ ಪಾಲಾಯಿತು, ಕುದುರೆ ಮದುವೆ ಮೆರವಣಿಗೆಯ ಪಾಲಾಯಿತು. ಚಾಂದನಿ ಎಂಬ ಬಿಳಿ ಹೆಣ್ಣುಕುದುರೆ ಎಷ್ಟು ಮದುಮಕ್ಕಳನ್ನು ಹೊತ್ತಿದೆಯೋ ಲೆಕ್ಕವಿಲ್ಲ. ಹೊತ್ತವರಲ್ಲಿ ಒಬ್ಬನೂ ಆಮೇಲೆ ಬಂದು ಮಾತಾಡಿಸಿಲ್ಲ. ರಾಜು ಮಕ್ಕಳಿಗೆ ಸವಾರಿ ಕಲಿಸುತ್ತದೆ. ಮುತ್ತು ಎಂಬ ಮುದಿ ಕುದುರೆ ಏನೂ ಮಾಡುವುದಿಲ್ಲ, ಅದೂ ಅಧ್ಯಕ್ಷರ ಹಾಗೆಯೇ ನಿವೃತ್ತಿಯಾಗಿದೆ. ಲಾಯ ಕಟ್ಟಿದಾಗ ಸುತ್ತ ರಾಗಿ ಹೊಲವಿತ್ತು. ಬಡಾವಣೆ ಬಂದದ್ದು ಆಮೇಲೆ. ಆದರೆ ಸೈಟು ಕೊಂಡವರ ಲೆಕ್ಕದಲ್ಲಿ ಊರು ಹುಟ್ಟುವುದು ಅವರು ನೋಂದಣಿ ಮಾಡಿಸಿದ ದಿನದಿಂದ.

ಮೊದಮೊದಲು ಬಂದ ಅರ್ಜಿಗಳ ವಿಷಯ ಇಲ್ಲಿ ಬೇಡ. ವಾಸನೆ, ನೊಣ, ರಾತ್ರಿ ಕೆನೆಯುವುದು, ಸೈಟಿನ ಬೆಲೆ. ಎಲ್ಲ ಊರಿನಲ್ಲೂ ಅದೇ ಅರ್ಜಿ, ಕುದುರೆ ಇದ್ದಲ್ಲಿ ಕೋಳಿ ಅಂತ ತಿದ್ದಿಕೊಂಡರೂ ನಡೆಯುತ್ತದೆ. ಒಂದರಲ್ಲಿ ಮಾತ್ರ ಸ್ವಲ್ಪ ಬಿಸಿ ತಟ್ಟಿತು. ಕುದುರೆಗಳಿಗೆ ಗ್ಲಾಂಡರ್ಸ್ ಎಂಬ ರೋಗ ಬರುತ್ತದೆ, ಮನುಷ್ಯರಿಗೂ ಅಂಟಬಹುದು ಎಂದು ಅಧ್ಯಕ್ಷರು ಎಲ್ಲೋ ಓದಿದರು. ಅದು ನಿಜವೇ. ಓದಿದ ಸಂಜೆಯೇ ಬಡಾವಣೆಯ ಮಂದಿ ಲಾಯದ ಮುಂದೆ ಮೂಗಿಗೆ ಕರವಸ್ತ್ರ ಹಿಡಿದು ಓಡಾಡತೊಡಗಿದರು. ಚಿಕ್ಕಪ್ಪ ಪೆಟ್ಟಿಗೆಯಿಂದ ರಕ್ತಪರೀಕ್ಷೆಯ ಕಾಗದ ತೆಗೆದು ತೋರಿಸಿದರು. ಪಶುವೈದ್ಯರು ತೆಗೆದುಕೊಂಡು ಹೋದ ಮಾದರಿ, ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ವರದಿ, ರೋಗವಿಲ್ಲ ಎಂಬ ಮುದ್ರೆ.

“ನಿಮ್ಮ ಸಕ್ಕರೆ ಕಾಯಿಲೆ ರಿಪೋರ್ಟು ಈ ಬೀದಿ ಕೊನೇ ಲ್ಯಾಬಿಂದ ಬರುತ್ತೆ ಸ್ವಾಮಿ. ನನ್ನ ಕುದುರೇದು ಹಿಸಾರಿಂದ ಬಂದಿದೆ,” ಎಂದರು.

ಅಧ್ಯಕ್ಷರು ಮುದ್ರೆಯನ್ನು ಬಹಳ ಹೊತ್ತು ನೋಡಿದರು. ಮುದ್ರೆ ಕಂಡರೆ ಅವರಿಗೆ ಒಳಗೊಳಗೇ ಗೌರವ ಹುಟ್ಟುತ್ತದೆ. ಇದನ್ನು ಚಿಕ್ಕಪ್ಪ ಗಮನಿಸಿ ಇಟ್ಟುಕೊಂಡರು.

ಅರ್ಜಿ ಫಲಿಸದಿದ್ದಾಗ ಅಧ್ಯಕ್ಷರು ಹಸಿರೀಕರಣಕ್ಕೆ ಇಳಿದರು. ಈ ಜಾತಿಯ ನೆರೆಯವರ ದ್ವೇಷ ಯಾವತ್ತೂ ದ್ವೇಷದ ರೂಪದಲ್ಲಿ ಬರುವುದಿಲ್ಲ. ಕಲ್ಲು ಹೊಡೆಯುವವನಾದರೆ ಹಿಡಿದು ನಾಲ್ಕು ಬಾರಿಸಬಹುದು. ಇವರು ಗಿಡ ನೆಡುತ್ತಾರೆ. ಲಾಯ ಕಣ್ಣಿಗೆ ಬೀಳದಿರಲೆಂದು ಬೇಲಿಯುದ್ದಕ್ಕೂ ಕಣಗಿಲೆ ನೆಡಿಸಿದರು. ಕೆಂಪು, ಬಿಳಿ, ತಿಳಿಗುಲಾಬಿ. ದೇವರಿಗೂ ಆಯಿತು, ಮರೆಯೂ ಆಯಿತು. ಹೆದ್ದಾರಿಯ ಮಧ್ಯದ ದಿಂಡಿನಲ್ಲಿ ಸರ್ಕಾರವೇ ಕಣಗಿಲೆ ಬೆಳೆಸುತ್ತದೆ ಎಂದು ಸಮರ್ಥನೆ ಬೇರೆ. ಬೆಳೆಸುತ್ತದೆ ಹೌದು, ದನಕರು ಬಾಯಿ ಹಾಕುವುದಿಲ್ಲವೆಂದೇ. ಎಲೆ, ಕಡ್ಡಿ, ಹೂವು ಎಲ್ಲ ವಿಷ. ನೇರವಾಗಿ ಗುಂಡಿಗೆಗೆ ತಗಲುವ ವಿಷ. ದೊಡ್ಡ ಕುದುರೆಯನ್ನು ಮಲಗಿಸಲು ಒಂದು ಹಿಡಿ ಎಲೆ ಸಾಕು.

ಗಿಡದಲ್ಲಿರುವ ತನಕ ಕುದುರೆ ಸಾಮಾನ್ಯವಾಗಿ ಮುಟ್ಟುವುದಿಲ್ಲ, ಕಹಿ. ಅಪಾಯ ಶುರುವಾಗುವುದು ಅಧ್ಯಕ್ಷರ ಶಿಸ್ತಿನಿಂದ. ಅವರು ಭಾನುವಾರ ಗಿಡ ಕತ್ತರಿಸಿ ಸಾಲು ಸಮ ಮಾಡಿಸುತ್ತಾರೆ, ಹುಲ್ಲುಹಾಸಿಗೆ ಮಷೀನು ಹೊಡೆಸುತ್ತಾರೆ, ಎರಡರ ಕಸವನ್ನೂ ಒಟ್ಟುಮಾಡಿ ಬೇಲಿಯ ಈಚೆಗೆ ಸುರಿಸುತ್ತಾರೆ. ಕುದುರೆಗೆ ಮೇವಾಯಿತು, ಕಸದ ಗಾಡಿಗೆ ಕಾಯುವುದು ತಪ್ಪಿತು. ಬಾಡಿ ಒಣಗಿದ ಕಣಗಿಲೆಯನ್ನು ಕುದುರೆ ಹುಲ್ಲಿನ ಜೊತೆ ಗುರುತಿಸದೆ ತಿಂದುಬಿಡುತ್ತದೆ, ಒಣಗಿದರೂ ವಿಷ ಹೋಗಿರುವುದಿಲ್ಲ. ಇನ್ನು ಮಷೀನಿನಲ್ಲಿ ಕತ್ತರಿಸಿದ ಹುಲ್ಲು ಗಂಟೆಗಳಲ್ಲೇ ಬಿಸಿಯಾಗಿ ಹುಳಿಯಲು ಶುರುವಾಗುತ್ತದೆ. ಅಗಿಯುವ ಕೆಲಸವಿಲ್ಲವೆಂದು ಕುದುರೆ ಅದನ್ನು ಗಬಗಬ ನುಂಗುತ್ತದೆ. ಅಷ್ಟು ದೊಡ್ಡ ದೇಹಕ್ಕೆ ಹೊಟ್ಟೆ ಚಿಕ್ಕದು, ಒಳಗೆ ಗಾಳಿ ತುಂಬಿಕೊಂಡರೆ ಹೊರಗೆ ಬರಲು ದಾರಿಯಿಲ್ಲ.

ಮುತ್ತುವಿಗೆ ಹಾಗೇ ಆಯಿತು. ಅದೃಷ್ಟಕ್ಕೆ ಆ ವಾರದ ರಾಶಿಯಲ್ಲಿ ಬರೀ ಹುಲ್ಲಿತ್ತು. ಸಂಜೆಗೆ ಮುದಿ ಕುದುರೆ ತಿರುತಿರುಗಿ ತನ್ನ ಪಕ್ಕೆ ನೋಡಿಕೊಳ್ಳತೊಡಗಿತು, ನೆಲ ಕೆರೆಯಿತು, ಬೆವರಿತು. ಕುದುರೆ ಸಾಕಿದವರು ಅಷ್ಟಕ್ಕೇ ಫೋನ್ ಎತ್ತಿಕೊಳ್ಳುತ್ತಾರೆ. ವೈದ್ಯರು ಬಂದು ಹೊಟ್ಟೆಗೆ ಕಿವಿಗೊಟ್ಟು ಕೇಳಿ, ಸೂಜಿ ಚುಚ್ಚಿ, ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿ ಎಣ್ಣೆ ಬಿಟ್ಟರು. ಉರುಳಾಡಲು ಬಿಡಬೇಡಿ, ನಿಧಾನ ನಡೆಸಿ ಎಂದರು. ಚಿಕ್ಕಪ್ಪ ಹಗ್ಗ ಹಿಡಿದು ಅಂಗಳದಲ್ಲಿ ಸುತ್ತತೊಡಗಿದರು.

ಹನ್ನೊಂದೂವರೆಗೆ ಆಚೆಯ ಬಾಲ್ಕನಿಯಲ್ಲಿ ದೀಪ ಹತ್ತಿತು.

“ಏನ್ರೀ, ಇಷ್ಟು ಹೊತ್ನಲ್ಲಿ ಕುದುರೆಗೆ ವಾಕಿಂಗಾ? ಗೊರಸಿನ ಸದ್ದಿಗೆ ನಿದ್ದೆ ಹತ್ತುತಾ ಇಲ್ಲ.”

“ಹೊಟ್ಟೆನೋವು ಸ್ವಾಮಿ. ನಿಮ್ಮನೆ ಹುಲ್ಲು ತಿಂದು.”

“ಅಯ್ಯೋ ಪಾಪ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ, ಸರಿಹೋಗುತ್ತೆ.”

ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅದರ ಅನ್ನನಾಳ ಹೊಟ್ಟೆ ಸೇರುವಲ್ಲಿ ಬಿಗಿಯಾದ ಮುಚ್ಚಳದಂಥ ಸ್ನಾಯುವಿದೆ. ಒಳಗೆ ಹೋದದ್ದು ಹಿಂದಿರುಗುವುದಿಲ್ಲ. ಅಧ್ಯಕ್ಷರಿಗೆ ಕೊಟ್ಟ ಅರ್ಜಿಗಳೂ ಹಾಗೆಯೇ ಎಂದು ಹೇಳಬೇಕೆಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಚಿಕ್ಕಪ್ಪ ಕಣ್ಣಲ್ಲೇ ತಡೆದರು. ಬೆಳಗಿನ ಜಾವ ಮುತ್ತು ಲದ್ದಿ ಹಾಕಿತು. ಅಂದು ಆ ಲದ್ದಿಯನ್ನು ಕಂಡು ನಾವು ಪಟ್ಟ ಸಂತೋಷವನ್ನು ಅರ್ಜಿದಾರರು ಯಾರೂ ನಂಬಲಾರರು.

ಅಧ್ಯಕ್ಷರದು ಕೇಡಿನ ಮನಸ್ಸೇ ಎಂದರೆ ಅಲ್ಲ. ಮರುದಿನ ಅನುಕಂಪದಿಂದ ಒಂದು ಪ್ಲಾಸ್ಟಿಕ್ ಬಕೆಟ್ಟು ಬಂತು. ಮೊಮ್ಮಗನ ಹುಟ್ಟುಹಬ್ಬದಲ್ಲಿ ಮಿಕ್ಕ ಕೇಕು, ಪಲಾವು, ಅರ್ಧ ಡಜನ್ ಬನ್ನು. “ಕುದುರೆ ಬಡವಾಗಿದೆ, ತಿನ್ಲಿ.” ಹೊಟ್ಟೆನೋವಿನಿಂದ ಎದ್ದ ಕುದುರೆಗೆ ಹಿಟ್ಟು ಸಕ್ಕರೆ ತಿನ್ನಿಸಿದರೆ ಮತ್ತೆ ಹೊಟ್ಟೆನೋವು, ಅದೂ ಸಾಲದೆಂದು ಗೊರಸಿನೊಳಗೆ ಉರಿಯೆದ್ದು ಕಾಲೂರಲಾಗದೆ ನಿಲ್ಲುತ್ತದೆ. ಕರುಣೆ ಬಂದ ನೆರೆಯವನಿಗಿಂತ ಕೋಪ ಬಂದ ನೆರೆಯವನು ವಾಸಿ. ಕೋಪದ ಕೈಯಲ್ಲಿ ಬಕೆಟ್ಟಿರುವುದಿಲ್ಲ.

ದೀಪಾವಳಿಯಲ್ಲಿ ವಾದ ಇನ್ನೊಂದು ಮೆಟ್ಟಿಲು ಏರಿತು. ಅಧ್ಯಕ್ಷರ ಮಗ ಬೆಂಗಳೂರಿನಿಂದ ಒಂದು ಡಿಕ್ಕಿ ತುಂಬ ಪಟಾಕಿ ತಂದಿದ್ದ. ಸರವನ್ನು ಬೇಲಿಯ ಕಂಬಕ್ಕೇ ನೇತುಹಾಕಿದರು. ಕುದುರೆ ಎಂಬುದು ಓಡಲೆಂದೇ ಹುಟ್ಟಿದ ಪ್ರಾಣಿ, ಭಯವಾದರೆ ಮೊದಲು ಓಡುತ್ತದೆ, ಯಾಕೆ ಓಡಿದೆನೆಂದು ಆಮೇಲೆ ನೋಡುತ್ತದೆ. ರಾಜು ಓಡಿ ತಂತಿಗೆ ಎದೆಕೊಟ್ಟು ಹೊಲಿಗೆ ಹಾಕಿಸಿಕೊಂಡಿತು. ಚಿಕ್ಕಪ್ಪ ಕೇಳಲು ಹೋದರೆ ಅಧ್ಯಕ್ಷರ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು.

“ದಸರಾ ಕುದುರೆಗಳು ಫಿರಂಗಿ ಸದ್ದಿಗೇ ಹೆದರಲ್ಲ. ಇಪ್ಪತ್ತೊಂದು ಕುಶಾಲತೋಪು ಹಾರಿಸ್ತಾರೆ. ನಿಮ್ಮದು ಲಕ್ಷ್ಮಿ ಪಟಾಕಿಗೆ ಹೆದರುತ್ತೆ ಅಂದ್ರೆ ತಪ್ಪು ಪಟಾಕೀದಲ್ಲ, ಟ್ರೈನಿಂಗ್‌ದು.”

“ಅವಕ್ಕೆ ತಾಲೀಮು ಮಾಡಿಸ್ತಾರೆ ಸ್ವಾಮಿ. ದಸರಾಗೆ ಮುಂಚೆ ಆನೆ ಕುದುರೆ ಎಲ್ಲಾನೂ ನಿಲ್ಲಿಸ್ಕೊಂಡು ಫಿರಂಗಿ ಸಿಡಿಸಿ ರೂಢಿ ಮಾಡ್ತಾರೆ. ಪಕ್ಕದಲ್ಲೇ ಮಾವುತರು, ಸವಾರರು ಇರ್ತಾರೆ. ನೀವು ಹೇಳದೆ ಕೇಳದೆ ಬೇಲಿಗೆ ಕಟ್ಟಿ ಹಚ್ಚಿದ್ರಿ.”

“ಹಾಗಾದ್ರೆ ಮುಂದಿನ ಸಲ ನೋಟಿಸ್ ಕೊಟ್ಟು ಹಚ್ತೀವಿ.”

ಚಿಕ್ಕಪ್ಪ ಇದನ್ನೂ ಗಮನಿಸಿ ಇಟ್ಟುಕೊಂಡರು. ನೋಟಿಸ್ ಎಂಬ ಶಬ್ದ ಉಚ್ಚರಿಸುವಾಗ ಅಧ್ಯಕ್ಷರ ಮುಖಕ್ಕೆ ಒಂದು ಕಳೆ ಬಂದಿತ್ತಂತೆ.

ಇಷ್ಟಾದ ಮೇಲೆ ಕಾನೂನು ನೋಡದೆ ಗತಿಯಿರಲಿಲ್ಲ. ಮನೆಯಲ್ಲಿ ಬರೆಯುವವನು ನಾನೊಬ್ಬನೇ ಆದ್ದರಿಂದ ಕಾಗದಪತ್ರ ನನ್ನ ಪಾಲಿಗೆ ಬಂತು. ಪ್ರಾಣಿಹಿಂಸೆ ತಡೆಯುವ 1960ರ ಕಾಯ್ದೆ ತೆಗೆದು ಓದಿದೆ. ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಅಧ್ಯಕ್ಷರ ಒಂದು ಸರಪಟಾಕಿಯ ಬಾಲದ ಬೆಲೆಯೂ ಅದಲ್ಲ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮು ಗಟ್ಟಿಯಾಗಿದೆ: ಬೇರೆಯವರಿಗೆ ನಷ್ಟ ಮಾಡಲೆಂದು ಪ್ರಾಣಿಗೆ ವಿಷವಿಕ್ಕಿದರೆ, ಕೊಂದರೆ, ಅಂಗ ಊನಮಾಡಿದರೆ ಐದು ವರ್ಷದವರೆಗೆ ಜೈಲು. ಆದರೆ ಅದಕ್ಕೆ ಸಾಕ್ಷಿ ಬೇಕು, ಮನಸ್ಸಿನೊಳಗಿನ ಉದ್ದೇಶ ಬೇಕು. ಅಧ್ಯಕ್ಷರ ಮನಸ್ಸಿನೊಳಗಿದ್ದದ್ದು ಬರೀ ಸ್ವಚ್ಛತೆ. ಅದನ್ನು ಯಾವ ಕೋರ್ಟಿನಲ್ಲಿ ಅಪರಾಧವೆಂದು ರುಜುವಾತು ಮಾಡುವುದು?

ಆದರೂ ವೈದ್ಯರ ಮಾತಿನಂತೆ ಎಲ್ಲ ದಾಖಲೆ ಜೋಡಿಸಿದೆವು. ಹುಲ್ಲಿನ ರಾಶಿಯ ಫೋಟೊ, ಸುರಿಯುವಾಗಿನ ವಿಡಿಯೊ, ಚೀಲದಲ್ಲಿ ಕಟ್ಟಿಟ್ಟ ಕಣಗಿಲೆ ಕಡ್ಡಿ, ಚಿಕಿತ್ಸೆಯ ಚೀಟಿ, ಔಷಧದ ಬಿಲ್ಲು, ಯಾವ ದಿನ ಏನಾಯಿತು ಎಂದು ಬರೆದ ನೋಟುಬುಕ್ಕು. ಬೇಲಿಯ ಒಳಗಡೆ ಆರಡಿ ಬಿಟ್ಟು ಇನ್ನೊಂದು ಮರದ ಬೇಲಿ ಹಾಕಿಸಿದರು ಚಿಕ್ಕಪ್ಪ; ಆಚೆಯಿಂದ ಸುರಿದದ್ದು ನಡುವಿನ ಓಣಿಯಲ್ಲಿ ಬೀಳಬೇಕು, ಕುದುರೆಯ ಕತ್ತು ಅಲ್ಲಿಗೆ ನಿಲುಕಬಾರದು. ಕುದುರೆ ಇಟ್ಟುಕೊಂಡವರಿಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಅದೊಂದೇ ಎನ್ನಬೇಕು. ಕಾಯ್ದೆಯ ಕಲಮಿಗಿಂತ ಮರದ ಕಂಬ ಬೇಗ ನಿಲ್ಲುತ್ತದೆ.

ಅತ್ತ ಅಧ್ಯಕ್ಷರೂ ಸುಮ್ಮನಿರಲಿಲ್ಲ. ಚಾಂದನಿ ಹಿಂದೊಮ್ಮೆ ಕತ್ತು ಚಾಚಿ ಅವರ ದಾಸವಾಳದ ಕುಡಿ ಕಚ್ಚಿತ್ತಂತೆ. ಅತಿಕ್ರಮಿಸಿ ಮೇಯ್ದ ಜಾನುವಾರನ್ನು ದೊಡ್ಡಿಗೆ ಕಟ್ಟುವ ಬ್ರಿಟಿಷರ ಕಾಲದ 1871ರ ಕಾನೂನು ಹುಡುಕಿ ತೆಗೆದರು. ಅದರ ‘ಜಾನುವಾರು’ ಎಂಬ ಪಟ್ಟಿಯಲ್ಲಿ ಕುದುರೆ ಇದೆ, ಒಂಟೆ ಇದೆ, ಆನೆಯೂ ಇದೆ ಎಂದು ಗುಂಪಿನಲ್ಲಿ ವಿಜಯೋತ್ಸಾಹದಿಂದ ಹಾಕಿದರು. ದೊಡ್ಡಿ ಎಲ್ಲಿದೆ ಎಂದು ಯಾರೋ ಕೇಳಿದರು. ಹಳ್ಳಿಯ ದೊಡ್ಡಿ ಇದ್ದ ಜಾಗದಲ್ಲಿ ಈಗ ಇರುವುದು ಸಂಘದ ಕಚೇರಿ. ಚಾಂದನಿಯನ್ನು ಅಲ್ಲಿಗೆ ತಂದು ಕಟ್ಟಲು ಅಧ್ಯಕ್ಷರ ಮನಸ್ಸು ಒಪ್ಪಲಿಲ್ಲ, ಹೊಸ ಟೈಲ್ಸು.

ದೂರು ಬರೆದು ಮುಗಿಸಿ, ಕೊನೆಯಲ್ಲಿ ‘ಕಾನೂನು ರೀತ್ಯಾ ಕ್ರಮ’ ಎಂಬುದಕ್ಕೆ ಅಡಿಗೆರೆ ಎಳೆದು ಚಿಕ್ಕಪ್ಪನ ಕೈಗೆ ಕೊಟ್ಟೆ. ಅವರು ಓದಿ ಮಡಚಿ ಜೇಬಿಗಿಟ್ಟರು.

“ಐದು ವರ್ಷ ಅಂದ್ಯಲ್ಲ. ಇವರು ಜೈಲಿಗೆ ಹೋದ್ರೆ ಬೆಳಿಗ್ಗೆ ಮೋಟರು ಯಾರು ಹಾಕ್ತಾರೆ?”

“ಚಿಕ್ಕಪ್ಪ, ಮುತ್ತು ಸಾಯ್ತಿತ್ತು!”

“ಸಾಯ್ತಿತ್ತು. ಅದಕ್ಕೇ ಹೇಳ್ತಿರೋದು. ಒದೆಯೋ ಕುದುರೇನ ಹೊಡೆದ್ರೆ ಇನ್ನೂ ಒದೆಯುತ್ತೆ. ಹೊರಗೆ ಬಿಟ್ರೆ ಹೋಗೋರು ಬರೋರನ್ನ ಒದೆಯುತ್ತೆ. ಅದನ್ನ ಗಾಡಿಗೆ ಕಟ್ಟಬೇಕು. ಕಟ್ಟಿದ ಮೇಲೆ ಒದೆಯೋಕೆ ಪುರುಸೊತ್ತಿರಲ್ಲ.”

ಮುಂದಿನ ಭಾನುವಾರ ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಳೆಹಣ್ಣು ಹಿಡಿದು ಅಧ್ಯಕ್ಷರ ಮನೆಗೆ ಹೋದರು. ದೂರಿನ ಕಾಗದ ಜೇಬಿನಲ್ಲೇ ಇತ್ತು, ಅರ್ಧ ಕಾಣುವ ಹಾಗೆ. ಏಳು ಕುದುರೆಗಳ ಚಿತ್ರದ ಕೆಳಗೆ ಕೂತು ಹೇಳಿದರು: ಸ್ವಾಮಿ, ನಾನು ಓದಿದವನಲ್ಲ. ಬಡಾವಣೆಯಲ್ಲಿ ಕುದುರೆಗಳ ವಿಚಾರಕ್ಕೆ ಒಂದು ನಿಯಮಾವಳಿ ಅಂತ ಇಲ್ಲ. ಯಾರು ಬೇಕಾದರೂ ಏನು ಬೇಕಾದರೂ ಸುರಿಯುತ್ತಾರೆ, ಯಾವಾಗ ಬೇಕಾದರೂ ಪಟಾಕಿ ಹಚ್ಚುತ್ತಾರೆ. ಒಂದು ಶಿಸ್ತಿಲ್ಲ. ಇದಕ್ಕೊಂದು ಉಪಸಮಿತಿ ಆಗಬೇಕು. ತಮ್ಮಂಥ ಅನುಭವಸ್ಥರು ಅಧ್ಯಕ್ಷತೆ ವಹಿಸಬೇಕು.

ಅಧ್ಯಕ್ಷರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

“ಪ್ರತ್ಯೇಕ ಸೀಲ್ ಬೇಕಾಗುತ್ತೆ, ಅಲ್ವಾ?”

ಆ ಕ್ಷಣದಿಂದ ಬಡಾವಣೆಯ ಚರಿತ್ರೆ ಬದಲಾಯಿತು. ಕಣಗಿಲೆ ಎರಡೇ ದಿನದಲ್ಲಿ ಬುಡಸಮೇತ ಹೋಯಿತು. ಅದು ಕುದುರೆಗೆ ವಿಷವೆಂಬುದನ್ನು ಅಧ್ಯಕ್ಷರು ತಾವೇ ಕಂಡುಹಿಡಿದಂತೆ ಗುಂಪಿನಲ್ಲಿ ವಿವರಿಸಿದರು. ಕಿತ್ತ ಗಿಡವನ್ನು ಸುಡಬಾರದು, ಹೊಗೆಯೂ ವಿಷ ಎಂಬುದನ್ನು ಸೇರಿಸಿದರು. ಅದು ಸರಿಯಾದ ಮಾತು, ನಮಗೂ ಗೊತ್ತಿರಲಿಲ್ಲ. ಬೇಲಿಯ ಮೇಲೆ ಫಲಕ ಬಂತು: ಹುಲ್ಲು ಸುರಿಯಬಾರದು, ಉಳಿದ ತಿಂಡಿ ಹಾಕಬಾರದು, ನಾಯಿ ಬಿಡಬಾರದು, ಹಿಂದಿನಿಂದ ಹೋಗಿ ಮುಟ್ಟಬಾರದು. ಮೂಲೆಮನೆಯ ಇಂಜಿನಿಯರು ಎಂದಿನಂತೆ ಕತ್ತರಿಸಿದ ಹುಲ್ಲು ತಂದರೆ ಅಧ್ಯಕ್ಷರು ಗೇಟಿನಲ್ಲೇ ತಡೆದು, ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ ಗೊತ್ತೇನ್ರೀ ಎಂದು ಗದರಿದರು. ಮುಂದಿನ ದೀಪಾವಳಿಗೆ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದ ರಾತ್ರಿ ಎಂಟರಿಂದ ಹತ್ತರ ನಿಯಮವನ್ನು ಮುದ್ರಿಸಿ ಮನೆಮನೆಗೆ ಹಂಚಿದರು. ಸ್ವಂತ ಮಗ ಎಂಟಕ್ಕೆ ಐದು ನಿಮಿಷ ಮೊದಲು ನೆಲಚಕ್ರ ಹಚ್ಚಿದ್ದಕ್ಕೆ ಅವನ ಹೆಸರೂ ಗುಂಪಿನಲ್ಲಿ ಬಂತು.

ಕುದುರೆಗಳು ಕ್ಷೇಮವಾದವು. ಆದರೆ ಗಾಡಿಗೆ ಕಟ್ಟಿದ ಕುದುರೆ ಗಾಡಿಯವನನ್ನೂ ಎಳೆದುಕೊಂಡು ಹೋಗುತ್ತದೆ ಎಂಬುದನ್ನು ಚಿಕ್ಕಪ್ಪ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಧ್ಯಕ್ಷರು ದಿನಾ ಬೆಳಿಗ್ಗೆ ಮೋಟರು ಹಾಕಿ ನೇರ ಲಾಯಕ್ಕೆ ಬರತೊಡಗಿದರು. ಲದ್ದಿ ತೆಗೆದ ಸಮಯ, ನೀರಿಟ್ಟ ಸಮಯ, ಹುರುಳಿಯ ತೂಕ, ಲಾಳ ಕಟ್ಟಿಸಿದ ದಿನಾಂಕ, ಎಲ್ಲದಕ್ಕೂ ಒಂದೊಂದು ವಹಿ. ಮುತ್ತು ಸೀನಿದರೆ ಷರಾ. ಲಾಯಕ್ಕೆ ಬರುವವರು ಪುಸ್ತಕದಲ್ಲಿ ಸಹಿ ಮಾಡಬೇಕು, ಬಂದ ಕಾರಣ ಬರೆಯಬೇಕು. ಚಿಕ್ಕಪ್ಪ ದಿನಕ್ಕೆ ನಾಲ್ಕು ಸಲ ತಮ್ಮ ಲಾಯಕ್ಕೇ ಬಂದು ‘ಕಾರಣ: ಕುದುರೆ ನನ್ನದು’ ಎಂದು ಬರೆಯುತ್ತಾರೆ. ಅತಿ ಸಂಕ್ಷಿಪ್ತವಾಗಿದೆ ಎಂದು ಅದಕ್ಕೂ ಆಕ್ಷೇಪಣೆ ಬಂದಿದೆ.

ಮೊನ್ನೆ ಚಿಕ್ಕಪ್ಪ ಒಂದು ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಸೀಲ್ ಬಿದ್ದ ನೋಟಿಸು. ಅಶ್ವ ಸುರಕ್ಷತಾ ನಿಯಮಾವಳಿಯ ಆರನೇ ನಿಯಮ ಉಲ್ಲಂಘಿಸಿ, ಪೂರ್ವಾನುಮತಿಯಿಲ್ಲದೆ ಮುತ್ತು ಎಂಬ ಹೆಸರಿನ ಹಿರಿಯ ಕುದುರೆಗೆ ಬೆಲ್ಲ ತಿನ್ನಿಸಿದ್ದು ಕಂಡುಬಂದಿದ್ದು, ತಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂಬುದಕ್ಕೆ ಏಳು ದಿನಗಳೊಳಗೆ ಸಮಜಾಯಿಷಿ.

“ಒಂದು ಉತ್ತರ ಬರ್ಕೊಡಪ್ಪ,” ಎಂದರು.

“ಏನಂತ ಬರೀಲಿ ಚಿಕ್ಕಪ್ಪ? ಹಳೇ ದೂರು ಜೇಬಲ್ಲಿದೆಯಲ್ಲ, ಅದನ್ನೇ ಕೊಟ್ಟುಬಿಡೋಣ.”

“ಬೇಡ ಬೇಡ. ಕ್ಷಮೆ ಕೇಳಿ ಬರಿ. ಮುತ್ತು ಪರವಾಗೂ ಒಂದು ಸಾಲು ಸೇರಿಸು. ತಿಂದಿದ್ದು ಅದೇ ತಾನೆ.”